ಓವರ್‌ಡ್ರೈವ್ ಪೆಟ್ಟಿಗೆ: ಹೆಸರು ಬಿಡಿ, ಅಳತೆ ಹೇಳಿ

ಹೋದ ಸಂಚಿಕೆಯಲ್ಲಿ ಹಳೆಯ ಅಮೆರಿಕನ್ ಕಾರುಗಳ ಓವರ್‌ಡ್ರೈವ್ ಬಗ್ಗೆ ನಾಲ್ಕು ಸಾಲು ಬರೆದು ನಾನು ಸುಮ್ಮನಾದೆ. ಓದುಗರು ಸುಮ್ಮನಾಗಲಿಲ್ಲ. ಬಂದ ಪತ್ರಗಳಲ್ಲಿ ಹೆಚ್ಚಿನವುಗಳ ಪಲ್ಲವಿ ಒಂದೇ: "ಇದು ಅದಕ್ಕೆ ಕೂರುತ್ತದೆಯೇ?" ಕೂರುತ್ತದೆಯೇ ಎಂದು ಕೇಳಿದವರಲ್ಲಿ ಅಳತೆ ಬರೆದು ಕಳಿಸಿದವರು ಒಬ್ಬರೂ ಇಲ್ಲ. ಬಣ್ಣ ಬರೆದಿದ್ದಾರೆ, ಬೆಲೆ ಬರೆದಿದ್ದಾರೆ, ಮಾರಿದವನ ಗುಣಗಾನ ಮಾಡಿದ್ದಾರೆ. ಹಾಗಾಗಿ ಈ ತಿಂಗಳ ಪುಟ ಪೂರ್ತಿ ಇದಕ್ಕೇ.

ಹೊಸಬರಿಗಾಗಿ ಒಂದು ಮಾತು. ಆ ಕಾಲದ ಮೂರು ಗೇರಿನ ಪೆಟ್ಟಿಗೆಯಲ್ಲಿ ಮೂರನೆಯ ಗೇರ್ ಎಂದರೆ ನೇರ ಓಟ: ಎಂಜಿನ್ ಒಂದು ಸುತ್ತು, ಹಿಂದಿನ ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಒಂದು ಸುತ್ತು. ಆ ಪೆಟ್ಟಿಗೆಯ ಬೆನ್ನಿಗೆ ಇನ್ನೊಂದು ಪುಟ್ಟ ಗೇರ್ ಜೋಡಣೆ ಸೇರಿಸಿ, ಎಂಜಿನ್ 70 ಸುತ್ತು ತಿರುಗಿದಾಗ ಶಾಫ್ಟ್ 100 ಸುತ್ತು ತಿರುಗುವಂತೆ ಮಾಡಿದರೆ ಅದೇ ಓವರ್‌ಡ್ರೈವ್. ಬೋರ್ಗ್-ವಾರ್ನರ್ ಕಂಪನಿಯ ಈ ಸಾಧನ ಮೊದಲು ಬಂದದ್ದು 1934ರ ಕ್ರೈಸ್ಲರ್ ಏರ್‌ಫ್ಲೋನಲ್ಲಿ. ಆಮೇಲೆ ಸ್ಟೂಡ್‌ಬೇಕರ್, ಪ್ಯಾಕರ್ಡ್, ಹಡ್ಸನ್, ಫೋರ್ಡ್, ಷೆವರ್ಲೆ ಎಲ್ಲರೂ ಹಾಕಿಕೊಂಡರು. ಕಂಪನಿಯ ವಾರ್ನರ್ ಗೇರ್ ವಿಭಾಗ ಇದ್ದದ್ದು ಇಂಡಿಯಾನಾದ ಮನ್ಸಿಯಲ್ಲಿ. ನಾನು ಇರುವ ಸೌತ್ ಬೆಂಡ್ ಅದೇ ರಾಜ್ಯದ ಉತ್ತರದ ತುದಿ. ಸ್ಟೂಡ್‌ಬೇಕರ್ ಕಾರ್ಖಾನೆ 1963ರ ಡಿಸೆಂಬರಿನಲ್ಲಿ ಬಾಗಿಲು ಹಾಕಿದ ಊರು. ಇಲ್ಲಿನ ಹಳೆಯ ಕೊಟ್ಟಿಗೆಗಳಲ್ಲಿ ಈ ಪೆಟ್ಟಿಗೆಗಳು ಇನ್ನೂ ಬಿದ್ದಿವೆ. ನನ್ನ ಬೆಂಚಿನ ಮೇಲೂ ಒಂದು ಬಾಯಿ ತೆರೆದುಕೊಂಡು ಕೂತಿದೆ.

ಪತ್ರ ಬರೆದವರ ಹೆಸರು ಹಾಕುವ ವಾಡಿಕೆ ನಮ್ಮಲ್ಲಿಲ್ಲ. ಊರು ಸಾಕು.

ಹಳ್ಳಿಯ ಹರಾಜಿನಲ್ಲಿ ಒಂದು ಗೇರ್‌ಬಾಕ್ಸ್ ಕೊಂಡೆ ಸರ್. ಮಾರಿದವರು "ಸ್ಟೂಡ್‌ಬೇಕರಿನ ಓವರ್‌ಡ್ರೈವ್, ಅಸಲಿ ಮನ್ಸಿ ಮಾಲು" ಎಂದರು. ಮೈಮೇಲೆ ಟಿ86 ಎಂದು ಎರಕದಲ್ಲಿ ಉಬ್ಬಿಕೊಂಡಿದೆ. ತಗಡಿನ ಚೀಟಿ ಇಲ್ಲ. ನನ್ನ 1954ರ ಸ್ಟೂಡ್‌ಬೇಕರ್ ಕಮಾಂಡರ್‌ಗೆ ಇದು ಕೂರುತ್ತದೆಯೇ?
— ಫೋರ್ಟ್ ವೇನ್, ಇಂಡಿಯಾನಾ

"ಮನ್ಸಿ" ಎಂಬ ಮಾತು ಕೇಳಿದ ಕೂಡಲೇ ಕಿವಿ ನಿಮಿರಬೇಕು. ಅದೇ ಊರಿನಲ್ಲಿ ಜನರಲ್ ಮೋಟಾರ್ಸ್‌ಗೂ ಒಂದು ಗೇರ್‌ಬಾಕ್ಸ್ ಕಾರ್ಖಾನೆ ಇತ್ತು. 1963ರಿಂದ ಅಲ್ಲಿ ತಯಾರಾದ ನಾಲ್ಕು ಗೇರಿನ ಪೆಟ್ಟಿಗೆಗೆ ಸಂತೆಯಲ್ಲಿ ಮನ್ಸಿ ಎಂದೇ ಹೆಸರು. ಅದರ ನಾಲ್ಕನೆಯ ಗೇರ್ ನೇರ ಓಟದ್ದು, ಓವರ್‌ಡ್ರೈವ್ ಅಲ್ಲವೇ ಅಲ್ಲ. ಆದ್ದರಿಂದ ಮಾರಿದವನ ಮಾತು ಬಿಟ್ಟು ಪೆಟ್ಟಿಗೆಯ ಮಾತು ಕೇಳೋಣ.

ಮೊದಲು ಬಾಲದ ಭಾಗ ನೋಡಿ. ಪಕ್ಕದಲ್ಲಿ ಅಂಗೈ ತುಂಬುವಷ್ಟು ದಪ್ಪದ ತಗಡಿನ ಡಬ್ಬಿಯೊಂದು ಎರಡು ಬೋಲ್ಟುಗಳಲ್ಲಿ ನಿಂತಿದ್ದರೆ ಅದು ಸೊಲೆನಾಯ್ಡ್, ಕರೆಂಟ್ ಕೊಟ್ಟಾಗ ಕಡ್ಡಿ ನೂಕಿ ಓವರ್‌ಡ್ರೈವ್ ಸೇರಿಸುವುದು. ತಿರುಪಿನಂತೆ ಹೊಕ್ಕು ಕುಳಿತು, ತಲೆಯಲ್ಲಿ ವೈರ್ ಕಚ್ಚಿಕೊಳ್ಳುವ ಜಾಗವಿರುವುದು ಗವರ್ನರ್, ಕಾರಿನ ವೇಗ ನೋಡಿ ಸೊಲೆನಾಯ್ಡ್‌ಗೆ ಒಪ್ಪಿಗೆ ಕೊಡುವುದು. ಕೇಬಲ್ ಕಟ್ಟುವ ಸಣ್ಣ ಸನ್ನೆಯೊಂದು ಬೇರೆಯಾಗಿ ಇರುತ್ತದೆ. ಯಾರಾದರೂ ಡಬ್ಬಿ, ಗವರ್ನರ್ ಬಿಚ್ಚಿ ಮಾರಿಕೊಂಡಿದ್ದರೂ ಅವುಗಳ ತೂತುಗಳು ಉಳಿದಿರುತ್ತವೆ. ಈ ಮೂರರ ಸುಳಿವೂ ಇಲ್ಲದಿದ್ದರೆ ಅದು ಬರೀ ಉದ್ದ ಬಾಲದ ಗೇರ್‌ಬಾಕ್ಸ್. ಹರಾಜಿನವನು ಹರಾಜಿನವನ ಕೆಲಸ ಮಾಡಿದ್ದಾನೆ.

ಇನ್ನು ಟಿ86. ವಾರ್ನರ್ ಗೇರ್‌ನವರ ಮೂರು ಗೇರಿನ ಪೆಟ್ಟಿಗೆಗಳಲ್ಲಿ ಟಿ96 ಹಗುರದ್ದು, ಸಾಮಾನ್ಯವಾಗಿ ಆರು ಸಿಲಿಂಡರಿನ ಸಣ್ಣ ಎಂಜಿನ್‌ಗಳ ಹಿಂದೆ ಇರುತ್ತದೆ. ಟಿ86 ನಡುವಿನದು. ಟಿ85 ಗಟ್ಟಿ ಕುಳ. ಪ್ಯಾಕರ್ಡ್ ಎಂಜಿನ್ ಹೊತ್ತ 1956ರ ಗೋಲ್ಡನ್ ಹಾಕ್‌ನಂಥ ಕಾರುಗಳಿಗೆ ಬೇಕಾದದ್ದು. ನಿಮ್ಮ ವಿ8 ಕಮಾಂಡರ್‌ಗೆ ಟಿ86 ಸರಿಯಾದ ವಂಶವೇ. ಆದರೆ ವಂಶ ಸರಿಯಿದ್ದರೆ ಜಾತಕ ಕೂಡಿತು ಎಂದು ಅರ್ಥವಲ್ಲ. ಎರಕದ ಸಂಖ್ಯೆ ಹೇಳುವುದು ಹೊರಗಿನ ಚಿಪ್ಪು ಯಾವುದೆಂದು ಮಾತ್ರ. ಒಳಗಿನ ಗೇರುಗಳು, ಮುಂದಿನ ಶಾಫ್ಟಿನ ಉದ್ದ, ಹಿಂದಿನ ಬಾಲ ಇವು ಕಾರಿನಿಂದ ಕಾರಿಗೆ ಬೇರೆ. 1960ರ ದಶಕದ ವಿ6 ಜೀಪಿನಲ್ಲೂ ಟಿ86 ಇದೆ. ಅದರ ಬೆನ್ನಿಗೆ ಇರುವುದು ಓವರ್‌ಡ್ರೈವ್ ಅಲ್ಲ, ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್. ಯಾವ ಕಾರಿಗೆಂದು ಜೋಡಿಸಿದ್ದು ಎಂಬುದನ್ನು ಹೇಳುತ್ತಿದ್ದದ್ದು ಬೋಲ್ಟಿನಡಿ ಸಿಕ್ಕಿಸಿದ್ದ ಆ ತಗಡಿನ ಚೀಟಿ. ಅದು ಹೋಗಿದೆ. ಹೆಚ್ಚಿನವುಗಳಲ್ಲಿ ಹೋಗಿಯೇ ಇರುತ್ತದೆ.

ಹಾಗಾದರೆ ವರ್ನಿಯರ್ ಕ್ಯಾಲಿಪರ್ ತೆಗೆದುಕೊಳ್ಳಿ. ನಿಮ್ಮ ಕಾರಿನ ಈಗಿನ ಪೆಟ್ಟಿಗೆಯನ್ನೂ ಕೊಂಡದ್ದನ್ನೂ ಪಕ್ಕಪಕ್ಕ ಇಡಿ. ಕ್ಲಚ್ಚನ್ನು ಮುಚ್ಚಿರುವ ಗಂಟೆಯಾಕಾರದ ಕವಚಕ್ಕೆ, ಅಂದರೆ ಬೆಲ್ ಹೌಸಿಂಗಿಗೆ, ಒತ್ತಿಕೊಳ್ಳುವ ಮುಖದಿಂದ ಮುಂದಿನ ಶಾಫ್ಟಿನ ತುದಿಯವರೆಗಿನ ಉದ್ದ ಎರಡರಲ್ಲೂ ಒಂದೇ ಇರಬೇಕು. ಕ್ಲಚ್ ಪ್ಲೇಟ್ ಕೂರುವ ಸ್ಪ್ಲೈನಿನ ಹಲ್ಲುಗಳನ್ನು ಎಣಿಸಿ, ಹೊರವ್ಯಾಸ ಅಳೆಯಿರಿ. ಎಣಿಕೆ ಒಂದೇ ಇದ್ದು ವ್ಯಾಸ ಬೇರೆಯಿರುವುದುಂಟು. ಫ್ಲೈವೀಲಿನ ಬುಷ್‌ಗೆ ಹೊಗುವ ಮೂತಿಯ ವ್ಯಾಸ ಅಳೆಯಿರಿ. ಬಹಳ ಜನ ಮರೆಯುವುದು ಮುಂದಿನ ಬೇರಿಂಗಿನ ಮುಚ್ಚಳದ ವ್ಯಾಸವನ್ನು. ಅದು ಬೆಲ್ ಹೌಸಿಂಗಿನ ದೊಡ್ಡ ತೂತಿನಲ್ಲಿ ಬಿಗಿಯಾಗಿ ಕೂತರೆ ಮಾತ್ರ ಗೇರ್‌ಬಾಕ್ಸ್ ಎಂಜಿನ್ನಿನ ನಡುಗೆರೆಗೆ ನೇರ ನಿಲ್ಲುತ್ತದೆ. ಅಲ್ಲಿ ಸಡಿಲವಿದ್ದರೆ ನಾಲ್ಕು ಬೋಲ್ಟು ಎಷ್ಟು ಬಿಗಿದರೂ ಪ್ರಯೋಜನವಿಲ್ಲ, ಬೇರಿಂಗ್ ಸವೆಯುತ್ತದೆ, ಗೇರ್ ಜಾರುತ್ತದೆ. ಕೊನೆಗೆ ಹಿಂದಿನ ಫ್ಲ್ಯಾಂಜ್ ಅಥವಾ ಸ್ಪ್ಲೈನ್, ಮತ್ತು ಗೇರ್ ಸನ್ನೆಗಳು ಇರುವ ಜಾಗ.

ಅಳತೆ ಕೂಡಿತೆಂದರೆ ಬೆಂಚಿನ ಮೇಲೆಯೇ ಪ್ರಾಣ ಇದೆಯೇ ನೋಡಬಹುದು. ಮೂರನೆಯ ಗೇರ್ ಹಾಕಿ, ಕೇಬಲಿನ ಸನ್ನೆಯನ್ನು ಓವರ್‌ಡ್ರೈವ್ ಕಡೆಗೆ ತಳ್ಳಿ. ಮುಂದಿನ ಶಾಫ್ಟನ್ನು ಒಬ್ಬರು ಅಲುಗದಂತೆ ಹಿಡಿಯಲಿ. ಹಿಂದಿನದನ್ನು, ಮುಂದೆ ನಿಂತು ನೋಡಿದಾಗ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ಅದು ಫ್ರೀವೀಲ್. ಈಗ ಸೊಲೆನಾಯ್ಡ್‌ಗೆ ಅದರ ವೋಲ್ಟೇಜಿನ ಬ್ಯಾಟರಿ ಕೊಟ್ಟು ಅದೇ ದಿಕ್ಕಿಗೆ ಮೆಲ್ಲಗೆ ತಿರುಗಿಸುತ್ತ ಹೋಗಿ. ಒಳಗೆ ಪಾಲ್ ಎಂಬ ಉಕ್ಕಿನ ನಾಲಿಗೆ ಟಕ್ ಎಂದು ಬಿದ್ದು ಶಾಫ್ಟ್ ನಿಲ್ಲುತ್ತದೆ. ಆಮೇಲೆ ಮುಂದಿನ ಶಾಫ್ಟನ್ನು ಬಿಟ್ಟು, ಅದನ್ನೇ ಹತ್ತು ಸುತ್ತು ತಿರುಗಿಸಿ. ಹಿಂದಿನದಕ್ಕೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಿದರೆ ಹದಿನಾಲ್ಕು ದಾಟಿ ಸ್ವಲ್ಪ ಬರಬೇಕು. ಬಂದರೆ ನಿಮ್ಮ ಹಣ ಎಲ್ಲೂ ಹೋಗಿಲ್ಲ.

ಆರ್10, ಆರ್11 ಎಂಬ ಹೆಸರುಗಳೂ ನಿಮ್ಮ ಕಿವಿಗೆ ಬೀಳುತ್ತವೆ. ಇವು ಓವರ್‌ಡ್ರೈವ್ ಭಾಗದ ಹೆಸರುಗಳು. ಎರಡರ ಅನುಪಾತವೂ 0.70. ಆರ್10ರ ಒಳಗೆ ಮೂರು ಪ್ಲಾನೆಟ್ ಗೇರ್ (ನಡುವಿನ ಗೇರಿನ ಸುತ್ತ ಗ್ರಹಗಳಂತೆ ಸುತ್ತುವ ಪುಟ್ಟ ಗೇರುಗಳು), ಆರ್11ರಲ್ಲಿ ನಾಲ್ಕು. ಟಿ85ರ ಬೆನ್ನಿಗೆ ಆರ್11 ಇರುತ್ತದೆ. ಬಾಲ ಬಿಚ್ಚದೆ "ಇದು ನಾಲ್ಕರದ್ದೇ" ಎಂದು ಆಣೆ ಹಾಕುವವನಿಗೆ ಹೆಚ್ಚಿನ ಬೆಲೆ ಕೊಡಬೇಡಿ.

ನನ್ನ 1955ರ ಷೆವರ್ಲೆ ಬೆಲ್ ಏರ್‌ನಲ್ಲಿ ಮಾಮೂಲಿ ಮೂರು ಗೇರ್. ಪರಿಚಯದವರ ಹತ್ತಿರ 1957ರ ಓವರ್‌ಡ್ರೈವ್ ಪೆಟ್ಟಿಗೆ ಇದೆ. ಅದರ ಬಾಲವನ್ನಷ್ಟೇ ಬಿಚ್ಚಿ ನನ್ನ ಪೆಟ್ಟಿಗೆಗೆ ಕೂರಿಸಬಹುದೇ? ಕಾರಿನ ನಂಬರು ಕೂಡಿದ ಪೆಟ್ಟಿಗೆ ಬಿಡಲು ಮನಸ್ಸಿಲ್ಲ.
— ಟ್ರಾಯ್, ಮಿಶಿಗನ್

ಬಾಲ ಕತ್ತರಿಸಿ ಅಂಟಿಸುವ ಆಸೆ ಎಲ್ಲರಿಗೂ ಬರುತ್ತದೆ. ಆಗುವುದಿಲ್ಲ. ಓವರ್‌ಡ್ರೈವ್ ಇರುವ ಪೆಟ್ಟಿಗೆಯಲ್ಲಿ ಮುಖ್ಯ ಶಾಫ್ಟ್ ಗೇರ್‌ಬಾಕ್ಸಿನ ಬೆನ್ನು ದಾಟಿ ಬಾಲದೊಳಕ್ಕೆ ಹೋಗಿ ಅಲ್ಲಿನ ಪ್ಲಾನೆಟ್ ಗೇರುಗಳನ್ನು ಹೊತ್ತಿರುತ್ತದೆ. ನಿಮ್ಮದರ ಶಾಫ್ಟಿಗೆ ಆ ಉದ್ದವೂ ಇಲ್ಲ, ಆ ಹಲ್ಲುಗಳೂ ಇಲ್ಲ. ಅಲ್ಲದೆ ರಿವರ್ಸ್ ಹಾಕಿದಾಗ ಓವರ್‌ಡ್ರೈವನ್ನು ತಾನಾಗಿ ಬಂದ್ ಮಾಡುವ ಸರಳೊಂದು ಗೇರ್‌ಬಾಕ್ಸಿನಿಂದ ಬಾಲಕ್ಕೆ ಹೋಗುತ್ತದೆ. ಅದಿಲ್ಲದೆ ಜೋಡಿಸಿದರೆ, ಹಿಡಿಕೆ ಒಳಗಿದ್ದಾಗ ರಿವರ್ಸ್ ಹಾಕಿದರೂ ಫ್ರೀವೀಲ್ ಬರೀ ಜಾರುತ್ತದೆ, ಕಾರು ಹಿಂದಕ್ಕೆ ಸರಿಯುವುದಿಲ್ಲ. ನಂಬರಿನ ಪೆಟ್ಟಿಗೆಗೆ ಎಣ್ಣೆ ಸವರಿ, ಚೀಲ ಸುತ್ತಿ, ಅಟ್ಟದ ಮೇಲಿಡಿ. ಓವರ್‌ಡ್ರೈವ್ ಪೆಟ್ಟಿಗೆಯನ್ನು ಇಡಿಯಾಗಿ ಹಾಕಿ.

ನಿಮ್ಮ ಅದೃಷ್ಟಕ್ಕೆ 1955ರಿಂದ 1957ರವರೆಗಿನ ಷೆವರ್ಲೆಗಳಲ್ಲಿ ಗೇರ್‌ಬಾಕ್ಸಿನ ಬಾಲದಡಿ ಅಡ್ಡಪಟ್ಟಿ ಇಲ್ಲ. ಭಾರವನ್ನೆಲ್ಲ ಬೆಲ್ ಹೌಸಿಂಗಿನ ಇಕ್ಕೆಲದ ರಬ್ಬರ್ ಮೌಂಟುಗಳೇ ಹೊರುತ್ತವೆ. ಹಾಗಾಗಿ ಉದ್ದ ಹೆಚ್ಚಿದರೂ ಫ್ರೇಮಿನಲ್ಲಿ ಏನನ್ನೂ ಕೊಯ್ಯಬೇಕಿಲ್ಲ. ಪ್ರೊಪೆಲ್ಲರ್ ಶಾಫ್ಟ್ ಮಾತ್ರ ಗಿಡ್ಡವಾಗಬೇಕು. ಕತ್ತರಿಸಿ ಬೆಸುಗೆ ಹಾಕಿಸಿದರೆ ಬ್ಯಾಲೆನ್ಸ್ ಮಾಡಿಸದೆ ಹಾಕಬೇಡಿ.

ಇನ್ನು ಯಾರೂ ಕೇಳದ, ಆದರೆ ಕೇಳಲೇಬೇಕಾದ ವಿಷಯ: ಹಿಂದಿನ ಆಕ್ಸಲ್. 1955ರಲ್ಲಿ ಮಾಮೂಲಿ ಮೂರು ಗೇರಿನ ಕಾರಿಗೆ 3.70ರ ಆಕ್ಸಲ್ (ಪ್ರೊಪೆಲ್ಲರ್ ಶಾಫ್ಟ್ 3.70 ಸುತ್ತಿದಾಗ ಚಕ್ರ ಒಂದು ಸುತ್ತು) ಬರುತ್ತಿತ್ತು, ಓವರ್‌ಡ್ರೈವ್ ಕಾರಿಗೆ 4.11ರದ್ದು. ಟೈರಿನ ಎತ್ತರ 28 ಇಂಚು ಎಂದಿಟ್ಟುಕೊಂಡು ಗಂಟೆಗೆ 60 ಮೈಲಿಗೆ ಲೆಕ್ಕ ಹಾಕಿ. ನಿಮ್ಮ ಕಾರಿನ ಎಂಜಿನ್ ಈಗ ನಿಮಿಷಕ್ಕೆ ಸುಮಾರು 2,660 ಸುತ್ತು ತಿರುಗುತ್ತಿದೆ. ಅದೇ ಆಕ್ಸಲಿಗೆ ಓವರ್‌ಡ್ರೈವ್ ಸೇರಿಸಿದರೆ 1,865. ಆಕ್ಸಲನ್ನೂ 4.11ಕ್ಕೆ ಬದಲಿಸಿದರೆ 2,070. ಕಂಪನಿಯವರು 4.11 ಕೊಟ್ಟದ್ದು ಸುಮ್ಮನೆ ಅಲ್ಲ. ಊರೊಳಗೆ ಚುರುಕು, ಹೆದ್ದಾರಿಯಲ್ಲಿ ನಿರಾಳ. 1,865ರಲ್ಲಿ ಏರು ಬಂದಾಗ ಎಂಜಿನ್ ಏದುಸಿರು ಬಿಡುತ್ತದೆ, ನೀವು ಪದೇಪದೇ ಓವರ್‌ಡ್ರೈವ್ ಬಿಡಿಸುತ್ತಿರಬೇಕಾಗುತ್ತದೆ. ಆದರೂ ನಿಮ್ಮ ಮಿಶಿಗನ್ ಸಪಾಟು ನೆಲ. ಮೊದಲ ಬೇಸಿಗೆ 3.70ರಲ್ಲೇ ಓಡಿಸಿ ನೋಡಿ, ಆಕ್ಸಲಿನ ಖರ್ಚು ಆಮೇಲೆ.

ಹಾಗೆ ಓಡಿಸುವಾಗ ಸ್ಪೀಡೋಮೀಟರಿನ ಪುಟ್ಟ ಗೇರ್ ಮರೆಯಬೇಡಿ. ಓವರ್‌ಡ್ರೈವ್ ಪೆಟ್ಟಿಗೆಯ ಜೊತೆ ಬರುವುದು 4.11ಕ್ಕೆ ಕಟ್ಟಿದ ಗೇರ್. 3.70ರ ಆಕ್ಸಲಿನಲ್ಲಿ ಅದು ಕಡಿಮೆ ತೋರಿಸುತ್ತದೆ: ಕಾರು 60ರಲ್ಲಿ ಹೋಗುತ್ತಿದ್ದರೆ ಮುಳ್ಳು 54ರ ಹತ್ತಿರ. ಪೊಲೀಸರಿಗೆ ಈ ಲೆಕ್ಕ ವಿವರಿಸಿ ಗೆದ್ದವರನ್ನು ನಾನು ಕಂಡಿಲ್ಲ.

ಪರಿಚಯದವರ ಹತ್ತಿರ ಪೆಟ್ಟಿಗೆಯನ್ನಷ್ಟೇ ಎತ್ತಿಕೊಂಡು ಬರಬೇಡಿ. ರಿಲೇ, ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಓವರ್‌ಡ್ರೈವ್ ಬಿಡಿಸುವ ಕಿಕ್‌ಡೌನ್ ಸ್ವಿಚ್ಚು, ಡ್ಯಾಶ್‌ಬೋರ್ಡಿನ ಹಿಡಿಕೆ, ಕೇಬಲ್, ವೈರಿನ ಕಂತೆ, ಸಾಧ್ಯವಾದರೆ ಗಿಡ್ಡ ಪ್ರೊಪೆಲ್ಲರ್ ಶಾಫ್ಟ್ ಕೂಡ ಅದೇ ವ್ಯಾಪಾರದಲ್ಲಿ ಬರಲಿ. ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ಅಕ್ಟೋಬರಿನಲ್ಲಿ ನಡೆಯುವ ಹಳೆಯ ಬಿಡಿಭಾಗಗಳ ಸಂತೆಯಲ್ಲಿ ಈ ಚಿಲ್ಲರೆ ಸಾಮಾನುಗಳನ್ನು ಒಂದೊಂದಾಗಿ ಹುಡುಕುತ್ತ ತಿರುಗುವವರ ಮುಖ ನೋಡಿದ್ದೇನೆ. ಬಿಡಿಬಿಡಿಯಾಗಿ ಕೊಂಡರೆ ಪೆಟ್ಟಿಗೆಯ ಬೆಲೆಯನ್ನೂ ಮೀರುತ್ತದೆ.

ಮೇಲಿನಂಥದ್ದನ್ನೇ ನನ್ನ 1953ರ ಷೆವರ್ಲೆಗೆ ಹಾಕಬಹುದೇ? ಎರಡೇ ವರ್ಷದ ವ್ಯತ್ಯಾಸ ತಾನೇ?
— ಡೇಟನ್, ಓಹಿಯೊ

ಆ ಎರಡು ವರ್ಷದ ನಡುವೆಯೇ ಎಲ್ಲ ಬದಲಾಯಿತು. 1954ರವರೆಗಿನ ಷೆವರ್ಲೆಯಲ್ಲಿ ಪ್ರೊಪೆಲ್ಲರ್ ಶಾಫ್ಟ್ ಒಂದು ಕೊಳವೆಯೊಳಗೆ ಮುಚ್ಚಿರುತ್ತದೆ. ಆಕ್ಸಲಿನ ನೂಕನ್ನು ಕಾರಿಗೆ ದಾಟಿಸುವುದೇ ಆ ಕೊಳವೆ. 1955ರಿಂದ ಶಾಫ್ಟ್ ಬಯಲಿಗೆ ಬಂತು, ನೂಕು ಹೊರುವ ಕೆಲಸ ಪಟ್ಟಿ ಸ್ಪ್ರಿಂಗುಗಳಿಗೆ ಹೋಯಿತು. ಬಯಲು ಶಾಫ್ಟಿನ ಪೆಟ್ಟಿಗೆ ನಿಮ್ಮ ಕಾರಿಗೆ ಬೇಕೆಂದರೆ ಹಿಂದಿನ ಆಕ್ಸಲ್, ಸ್ಪ್ರಿಂಗ್ ಕಟ್ಟು ಎಲ್ಲ ಬದಲಾಗಬೇಕು. ಫೋರ್ಡಿನಲ್ಲಿ ಇದೇ ಗೆರೆ 1948 ಮತ್ತು 1949ರ ನಡುವೆ ಬೀಳುತ್ತದೆ. ನ್ಯಾಷ್ ಕಾರುಗಳಲ್ಲಿ ಕೊಳವೆಯೂ ಇತ್ತು, ಓವರ್‌ಡ್ರೈವೂ ಇತ್ತು. ಆದರೆ ಆ ಬಾಲ ಆ ಮನೆಗಷ್ಟೇ ಸರಿ.

ಸ್ವಾಮಿ, ನಮ್ಮ ತಾತ ಕೊಂಡಿದ್ದ ಸ್ಟೂಡ್‌ಬೇಕರ್ ಚಾಂಪಿಯನ್ ಈಗ ನನ್ನ ಪಾಲಿಗೆ ಬಂದಿದೆ. ಡ್ಯಾಶ್‌ಬೋರ್ಡಿನ ಕೆಳಗೆ ಓವರ್‌ಡ್ರೈವ್ ಎಂದು ಬರೆದ ಹಿಡಿಕೆ ಇದೆ. ಅದನ್ನು ಒಳಗೆ ತಳ್ಳಿದರೆ ಚಾಮುಂಡಿ ಬೆಟ್ಟ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೂ ಕಾರು ನ್ಯೂಟ್ರಲ್‌ನಲ್ಲಿದ್ದಂತೆ ಓಡುತ್ತದೆ. ಮೆಕ್ಯಾನಿಕ್ ಕ್ಲಚ್ ಪ್ಲೇಟ್ ಹೋಗಿದೆ ಎನ್ನುತ್ತಾರೆ. ಹಿಡಿಕೆ ಎಳೆದರೆ ಎಲ್ಲ ಸರಿ.
— ಮೈಸೂರು

ಕ್ಲಚ್ ಪ್ಲೇಟನ್ನು ಮುಟ್ಟಬೇಡಿ, ಅದಕ್ಕೆ ಏನೂ ಆಗಿಲ್ಲ. ಹಿಡಿಕೆ ಎಳೆದರೆ ಸರಿಹೋಗುತ್ತದೆ ಎಂದು ನೀವೇ ಬರೆದಿದ್ದೀರಿ. ಸವೆದ ಕ್ಲಚ್ ಹಿಡಿಕೆ ನೋಡಿ ಸರಿಹೋಗುವುದಿಲ್ಲ. ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ಉತ್ತರಪಾಡಾದಲ್ಲಿ ಸ್ಟೂಡ್‌ಬೇಕರ್ ಕಾರುಗಳನ್ನು ಜೋಡಿಸುತ್ತಿದ್ದ ಕಾಲವೊಂದಿತ್ತು, ಹಾಗಾಗಿ ಆಗ ನಮ್ಮ ಕಡೆ ಚಾಂಪಿಯನ್ ಅಪರೂಪವಾಗಿರಲಿಲ್ಲ. ಓವರ್‌ಡ್ರೈವ್ ಮಾತ್ರ ಹೆಚ್ಚಿಗೆ ಹಣ ಕೊಟ್ಟು ಹಾಕಿಸಿಕೊಳ್ಳಬೇಕಾದ ಸೌಕರ್ಯ. ತಾತ ಧಾರಾಳಿಗಳಿರಬೇಕು.

ಹಿಡಿಕೆ ಒಳಗಿದ್ದಾಗ ಎಂಜಿನ್ ಚಕ್ರಗಳನ್ನು ನೂಕಬಹುದು, ಚಕ್ರಗಳು ಎಂಜಿನ್ನನ್ನು ನೂಕಲಾರವು. ಸೈಕಲಿನ ಪೆಡಲ್ ನಿಲ್ಲಿಸಿದರೂ ಹಿಂದಿನ ಚಕ್ರ ಓಡುತ್ತದಲ್ಲ, ಅದೇ. ಗಂಟೆಗೆ ಸುಮಾರು 28 ಮೈಲಿ, ಎಂದರೆ 45 ಕಿಲೋಮೀಟರ್, ದಾಟುವವರೆಗೆ ಕಾರು ಹೀಗೆಯೇ ಓಡುತ್ತದೆ. ದಾಟಿದ ಮೇಲೆ ಗವರ್ನರ್ ಒಪ್ಪಿಗೆ ಕೊಡುತ್ತದೆ. ನೀವು ಆಕ್ಸಿಲರೇಟರಿನಿಂದ ಕಾಲು ಎತ್ತಿದಾಗ ಪಾಲ್ ಬಿದ್ದು ಓವರ್‌ಡ್ರೈವ್ ಸೇರುತ್ತದೆ, ಆಗ ಎಂಜಿನ್ನಿನ ಹಿಡಿತ ಮತ್ತೆ ಬರುತ್ತದೆ. ವೇಗ 20ರ ಆಸುಪಾಸಿಗೆ ಇಳಿದರೆ ಅದು ತಾನಾಗಿ ಬಿಡುತ್ತದೆ. ಬೆಟ್ಟದ ತಿರುವುಗಳಲ್ಲಿ ನೀವು ಅಷ್ಟು ವೇಗ ಹೋಗುವುದಿಲ್ಲ, ಆದ್ದರಿಂದ ಸೇರುವುದೇ ಇಲ್ಲ.

ಬೆಟ್ಟ ಇಳಿಯುವ ಮುಂಚೆ, ಮೇಲೆ ಕಾರು ನಿಂತಿರುವಾಗಲೇ ಹಿಡಿಕೆ ಎಳೆದುಬಿಡಿ. ಆ ಕಾಲದ ಡ್ರಮ್ ಬ್ರೇಕುಗಳ ಮೇಲೆ ಅಷ್ಟು ಭಾರ ಹಾಕುವುದು ಬುದ್ಧಿವಂತಿಕೆಯಲ್ಲ. ಓಡುವಾಗ ಎಳೆಯಲೇಬೇಕಾಗಿ ಬಂದರೆ ಆಕ್ಸಿಲರೇಟರ್ ಒತ್ತಿ ಎಂಜಿನ್ ಕಾರನ್ನು ಎಳೆಯುತ್ತಿರುವಾಗ ಮಾತ್ರ. ಓವರ್‌ಡ್ರೈವ್ ಸೇರಿದ್ದರೆ ಮೊದಲು ಪೂರ್ತಿ ಒತ್ತಿ ಅದನ್ನು ಬಿಡಿಸಿಕೊಳ್ಳಿ. ಇಳಿಜಾರಿನಲ್ಲಿ ಫ್ರೀವೀಲ್ ಆಗಿ ಓಡುತ್ತಿರುವಾಗ ಎಳೆದರೆ ಒಳಗಿನ ಹಲ್ಲುಗಳು ಕಿರುಚುವುದು ಮೈಸೂರಿಗೆಲ್ಲ ಕೇಳಿಸುತ್ತದೆ.

ನಿಲ್ಲಿಸುವಾಗ ಗೇರ್ ಹಾಕಿದ್ದೇನೆ ಎಂದು ನಂಬಿ ಹೋಗಬೇಡಿ. ಹಿಡಿಕೆ ಒಳಗಿದ್ದರೆ ಮೊದಲ ಗೇರಿನಲ್ಲಿದ್ದರೂ ಕಾರು ಮುಂದಕ್ಕೆ ಉರುಳಬಲ್ಲದು. ಹಿಡಿಕೆ ಎಳೆದು, ರಿವರ್ಸ್ ಹಾಕಿ, ಕೈಬ್ರೇಕ್ ಎಳೆಯಿರಿ. ಬ್ಯಾಟರಿ ಇಳಿದು ಹುಡುಗರಿಂದ ತಳ್ಳಿಸಿ ಎಂಜಿನ್ ಎಬ್ಬಿಸುವಾಗಲೂ ಅಷ್ಟೇ, ಹಿಡಿಕೆ ಹೊರಗಿರಬೇಕು. ಇಲ್ಲದಿದ್ದರೆ ಹುಡುಗರು ಚಾಮರಾಜನಗರದವರೆಗೆ ತಳ್ಳಿದರೂ ಎಂಜಿನ್ ಏಳದು.

ಅಂಕಲ್, ನಮ್ಮ 1951ರ ಫೋರ್ಡಿನಲ್ಲಿ ಓವರ್‌ಡ್ರೈವ್ ಸೇರುವುದೇ ಇಲ್ಲ. ಒಮ್ಮೊಮ್ಮೆ ಅಡಿಯಲ್ಲಿ ಟಕಟಕಟಕ ಎಂಬ ಸದ್ದು. ನಮ್ಮ ಯಜಮಾನರು ಬೇರೆ ಕಾರಿನ ಸೊಲೆನಾಯ್ಡ್ ತಂದಿದ್ದಾರೆ, ಹಾಕಿಯೇಬಿಡೋಣ ಎನ್ನುತ್ತಾರೆ.
— ಷಾರ್ಲಟ್, ನಾರ್ತ್ ಕೆರೊಲಿನಾ

ಆ ಟಕಟಕ ಸದ್ದು ಬರೆದು ಒಳ್ಳೆಯದು ಮಾಡಿದಿರಿ ಅಮ್ಮಾ, ಅರ್ಧ ಉತ್ತರ ಅದರಲ್ಲೇ ಇದೆ.

ಸೊಲೆನಾಯ್ಡ್ ಡಬ್ಬಿಯೊಳಗೆ ಎರಡು ಸುರುಳಿಗಳಿವೆ. ಒಂದು ಒರಟ, ಬಹಳ ಕರೆಂಟ್ ಕುಡಿದು ಕಡ್ಡಿಯನ್ನು ಒಂದೇ ಏಟಿಗೆ ನೂಕುವುದು. ಇನ್ನೊಂದು ಮಿತಭೋಜಿ, ನೂಕಿದ್ದನ್ನು ಹಿಡಿದು ನಿಲ್ಲಿಸುವುದು. ಕಡ್ಡಿ ತುದಿ ಮುಟ್ಟಿದ ಕೂಡಲೇ ಒಳಗಿನ ಕಾಂಟ್ಯಾಕ್ಟ್ ಬಿಚ್ಚಿಕೊಂಡು ಒರಟನಿಗೆ ರಜೆ ಸಿಗುತ್ತದೆ. ಹಿಡಿಯುವ ಸುರುಳಿ ಸುಟ್ಟಿದ್ದರೆ ಏನಾಗುತ್ತದೆ? ಒರಟ ನೂಕುತ್ತಾನೆ, ರಜೆ ಸಿಗುತ್ತದೆ, ಹಿಡಿಯುವವರಿಲ್ಲದೆ ಕಡ್ಡಿ ವಾಪಸು ಬರುತ್ತದೆ, ಕಾಂಟ್ಯಾಕ್ಟ್ ಮುಚ್ಚುತ್ತದೆ, ಮತ್ತೆ ನೂಕು. ಅದೇ ನಿಮ್ಮ ಟಕಟಕ.

ಆದರೂ ಡಬ್ಬಿ ಬಿಚ್ಚುವ ಮುಂಚೆ ಹತ್ತು ನಿಮಿಷ ಪರೀಕ್ಷೆ ಮಾಡಿ. ಹಿಡಿಕೆ ಒಳಗಿರಲಿ, ಗೇರ್‌ಬಾಕ್ಸಿನ ಕಡೆಯ ಸನ್ನೆ ಪೂರ್ತಿ ಚಲಿಸಿದೆಯೇ ನೋಡಿ, ಕೇಬಲ್ ಜಂಗು ಹಿಡಿದು ಅರ್ಧದಲ್ಲೇ ನಿಂತಿರುವುದು ಸಾಮಾನ್ಯ. ಫ್ಯೂಸ್ ನೋಡಿ. ಎಂಜಿನ್ ನಿಲ್ಲಿಸಿ, ಕೀಲಿ ಮಾತ್ರ ತಿರುಗಿಸಿ, ಗವರ್ನರಿನ ವೈರನ್ನು ಬಿಚ್ಚಿ ಕಾರಿನ ಬರಿ ಲೋಹಕ್ಕೆ ತಾಗಿಸಿ. ರಿಲೇಯಲ್ಲಿ ಒಂದು ಸಣ್ಣ ಕ್ಲಿಕ್, ಬೆನ್ನಲ್ಲೇ ಅಡಿಯಲ್ಲಿ ಧಡ್ ಎಂಬ ಗಟ್ಟಿ ಸದ್ದು ಕೇಳಬೇಕು. ಕ್ಲಿಕ್ಕೇ ಇಲ್ಲದಿದ್ದರೆ ತೊಂದರೆ ರಿಲೇ ಅಥವಾ ಕಿಕ್‌ಡೌನ್ ಸ್ವಿಚ್ಚಿನ ಕಡೆ. ಕ್ಲಿಕ್ ಇದ್ದು ಧಡ್ ಇಲ್ಲದಿದ್ದರೆ, ಅಥವಾ ಧಡ್ ಬದಲು ಟಕಟಕ ಬಂದರೆ, ವೈರಿನ ಜೋಡಣೆಗಳನ್ನು ಉಜ್ಜಿ ಮತ್ತೊಮ್ಮೆ ನೋಡಿ, ಆಮೇಲೂ ಹಾಗೆಯೇ ಆದರೆ ಡಬ್ಬಿಯೇ ಕೆಟ್ಟಿದೆ. ಎರಡೂ ಸರಿಯಾಗಿ ಕೇಳಿಸಿ ರಸ್ತೆಯಲ್ಲಿ ಮಾತ್ರ ಸೇರದಿದ್ದರೆ ಗವರ್ನರನ್ನು ಅನುಮಾನಿಸಿ.

ಯಜಮಾನರು ತಂದ ಡಬ್ಬಿಯ ಬೋಲ್ಟುಗಳ ಅಂತರ ಕೂಡಬಹುದು; ಅಷ್ಟರಿಂದ ಅದು ನಿಮ್ಮದಾಗಲಿಲ್ಲ. ಕಡ್ಡಿಯ ಉದ್ದ ಹಳೆಯದಕ್ಕೆ ಸರಿಸಮನಾಗಿರಬೇಕು, ವೈರಿನ ತುದಿಗಳ ಸಂಖ್ಯೆ ಕೂಡಬೇಕು. ಒಂದು ತುದಿಯ ಕೆಲಸ ವಿಚಿತ್ರವಾದದ್ದು. ನೀವು ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದಾಗ ಸೊಲೆನಾಯ್ಡಿನ ಕರೆಂಟ್ ನಿಲ್ಲುತ್ತದೆ, ಆದರೆ ಎಂಜಿನ್ನಿನ ಬಲದಡಿ ಸಿಕ್ಕಿಕೊಂಡ ಪಾಲ್ ತಾನಾಗಿ ಹೊರಬರುವುದಿಲ್ಲ. ಆದ್ದರಿಂದ ಅರೆಕ್ಷಣ ಎಂಜಿನ್ನಿನ ಕಿಡಿಯನ್ನೇ ಆರಿಸಿ ಬಲ ಸಡಿಲಿಸುತ್ತಾರೆ. ಪಾಲ್ ಜಾರುತ್ತದೆ, ಕಿಡಿ ಮರಳುತ್ತದೆ. ಇಷ್ಟು ಜಾಣತನವನ್ನು ವಿದ್ಯುನ್ಮಾನದ ಗಂಧಗಾಳಿಯಿಲ್ಲದೆ ಮಾಡಿದವರಿಗೆ ನಾನು ಈಗಲೂ ಕೈಮುಗಿಯುತ್ತೇನೆ. ಆ ತುದಿಯ ವೈರನ್ನು ತಪ್ಪು ಜಾಗಕ್ಕೆ ಕೊಟ್ಟರೆ, ಲಾರಿ ದಾಟಲು ಜೋರಾಗಿ ಒತ್ತಿದಾಗ ಎಂಜಿನ್ ಸತ್ತು ಕೂರುತ್ತದೆ.

ಬಿಚ್ಚುವ ಬಗೆ: ಎರಡು ಬೋಲ್ಟು ತೆಗೆದು ಡಬ್ಬಿಯನ್ನು ಕಾಲು ಸುತ್ತು ತಿರುಗಿಸಿ, ಆಮೇಲೆ ಎಳೆಯಿರಿ. ಕಡ್ಡಿಯ ತುದಿಯ ಗುಂಡಿಗೆ ಎರಡು ಬದಿ ಚಪ್ಪಟೆ. ತಿರುಗಿಸದಿದ್ದರೆ ಪಾಲ್ ಅದನ್ನು ಬಿಡುವುದಿಲ್ಲ. ಹಾಕುವಾಗ ಒಳಗಿಟ್ಟು ಕಾಲು ಸುತ್ತು ತಿರುಗಿಸಿ, ಬೋಲ್ಟು ಹಾಕುವ ಮುಂಚೆ ಮೆಲ್ಲಗೆ ಎಳೆದು ನೋಡಿ. ಹೊರಗೆ ಬಂದರೆ ಕಚ್ಚಿಕೊಂಡಿಲ್ಲ. ಕಚ್ಚಿಕೊಳ್ಳದೆ ಬೋಲ್ಟು ಬಿಗಿದರೆ ಪಾಲ್ ಒಳಕ್ಕೆ ಹೋಗುತ್ತದೆ, ಅದನ್ನು ಹೊರಕ್ಕೆಳೆಯುವವರು ಇರುವುದಿಲ್ಲ. ಆಮೇಲೆ ಕಾರು ಹಿಂದಕ್ಕೆ ಒಂದಂಗುಲವೂ ಸರಿಯುವುದಿಲ್ಲ.

ಆರು ವೋಲ್ಟಿನ ಸೊಲೆನಾಯ್ಡನ್ನು ಹನ್ನೆರಡು ವೋಲ್ಟಿನ ಕಾರಿಗೆ ಹಾಕಬಹುದೇ? ಪಾಸಿಟಿವ್ ಅರ್ತ್ ಇದ್ದರೆ, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಮೈಗೆ ಸೇರಿದ್ದರೆ, ತೊಂದರೆಯೇ?
— ಸಾಂತಾ ಕ್ಲಾರಾ, ಕ್ಯಾಲಿಫೋರ್ನಿಯಾ

ಹಾಕಬಹುದು, ಹಿಡಿಯುವ ಸುರುಳಿ ಸುಡುವವರೆಗೆ ಓಡಿಸಬಹುದು. ರಿಲೇಯೂ ಅದೇ ವೋಲ್ಟೇಜಿನದಾಗಿರಬೇಕು. ಪಾಸಿಟಿವ್ ನೆಗೆಟಿವ್ ಚಿಂತೆ ಬೇಡ, ಸುರುಳಿಗೆ ದಿಕ್ಕಿನ ಹಂಗಿಲ್ಲ. ಫೋರ್ಡ್ ಹನ್ನೆರಡಕ್ಕೆ ಬಂದದ್ದು 1956ರ ಮಾದರಿಯಿಂದ, ಷೆವರ್ಲೆ 1955ರಿಂದ. ಕೊಳ್ಳುವಾಗ ಯಾವ ವರ್ಷದ ಕಾರಿನದ್ದೆಂದು ಕೇಳಿ.

ನನ್ನ ಪ್ಲಿಮತ್‌ಗೆ ಸ್ಟೂಡ್‌ಬೇಕರಿನ ಆರ್10 ಬಾಲ ಸಿಕ್ಕಿದೆ...
— ಎಡಿಸನ್, ನ್ಯೂಜೆರ್ಸಿ

ಪತ್ರದ ಉಳಿದದ್ದನ್ನು ಓದುವ ಮುಂಚೆಯೇ ಕೇಳುತ್ತೇನೆ: ಕೈಬ್ರೇಕ್ ಎಲ್ಲಿ ಹಾಕುತ್ತೀರಿ? ನಿಮ್ಮ ಪ್ಲಿಮತ್‌ನ ಕೈಬ್ರೇಕಿನ ಡ್ರಮ್ ಇರುವುದು ಹಿಂದಿನ ಚಕ್ರದಲ್ಲಲ್ಲ, ಗೇರ್‌ಬಾಕ್ಸಿನ ಬಾಲದ ತುದಿಯಲ್ಲಿ. ಸ್ಟೂಡ್‌ಬೇಕರ್ ಬಾಲದಲ್ಲಿ ಆ ಡ್ರಮ್ಮಿಗೆ ಜಾಗವೇ ಇಲ್ಲ. ಪ್ಲಿಮತ್‌ಗೆ 1952ರಿಂದ ಓವರ್‌ಡ್ರೈವ್ ಬಂದಿದೆ; ಅದನ್ನೇ ಹುಡುಕಿ.

ಇಂಗ್ಲಿಷ್ ಕಾರುಗಳ ಲೇಕಾಕ್ ಓವರ್‌ಡ್ರೈವ್‌ಗೂ ಇದಕ್ಕೂ ಏನಾದರೂ ನೆಂಟಸ್ತಿಕೆ ಇದೆಯೇ?
— ಲೀಡ್ಸ್, ಇಂಗ್ಲೆಂಡ್

ಪ್ಲಾನೆಟ್ ಗೇರುಗಳಷ್ಟೇ ಸಮಾನ. ಲೇಕಾಕ್ ಡಿ ನಾರ್ಮನ್‌ವಿಲ್‌ನಲ್ಲಿ ಒಳಗೊಂದು ಎಣ್ಣೆಯ ಪಂಪು, ಆ ಒತ್ತಡದಿಂದ ಜರುಗುವ ಶಂಕುವಿನಾಕಾರದ ಕ್ಲಚ್. ಸ್ವಿಚ್ಚು ಒತ್ತಿದರೆ ಕಾಲೆತ್ತದೆಯೇ ಸೇರುತ್ತದೆ, ಇಳಿಜಾರಿನಲ್ಲಿ ಕಾರು ಸಡಿಲ ಓಡುವ ಪ್ರಶ್ನೆಯೂ ಇಲ್ಲ. ಅದು ಹೆಚ್ಚು ನಾಜೂಕಿನದು, ಒಳಗಿನ ಎಣ್ಣೆ ಕೊಳೆಯಾದರೆ ಮುನಿಸಿಕೊಳ್ಳುತ್ತದೆ. ನನ್ನ ಒಲವು ಎಲ್ಲಿದೆ ಎಂದು ಹೇಳಬೇಕಿಲ್ಲ.

ಇಷ್ಟೆಲ್ಲ ಪಾಡು ಏಕೆ? ಒಂದು ಟಿ5 ಐದು ಗೇರಿನ ಪೆಟ್ಟಿಗೆ ಹಾಕಿದರೆ ಮುಗಿಯಿತಲ್ಲ?
— ಆಸ್ಟಿನ್, ಟೆಕ್ಸಸ್

ಮುಗಿಯುತ್ತದೆ. ಟಿ5 ಕೂಡ ಬೋರ್ಗ್-ವಾರ್ನರ್‌ನವರದ್ದೇ ಮೊಮ್ಮಗ, 1980ರ ದಶಕದ್ದು. ಬಿಡಿಭಾಗ ಧಾರಾಳ, ಎಂಜಿನ್ನಿನ ಹಿಡಿತ ಐದೂ ಗೇರಿನಲ್ಲಿ. ದಿನಾ ಕಚೇರಿಗೆ ಹಳೆಯ ಕಾರಿನಲ್ಲೇ ಹೋಗುವವರಿಗೆ ನಾನೇ ಅದನ್ನು ಸೂಚಿಸುತ್ತೇನೆ. ಆದರೆ ಸ್ಟಿಯರಿಂಗ್ ಪಕ್ಕದ ಗೇರ್ ಕಡ್ಡಿ ಹೋಗುತ್ತದೆ, ನೆಲ ಕೊಯ್ಯಬೇಕಾಗುತ್ತದೆ, ಮುಂದಿನ ಬೆಂಚ್ ಸೀಟಿನ ನಡುವೆ ಕೂರುತ್ತಿದ್ದ ಮಗುವಿನ ಕಾಲ ಬಳಿ ಕಡ್ಡಿ ಬರುತ್ತದೆ. ಕೊಯ್ದ ನೆಲವನ್ನು ಮತ್ತೆ ಮೊದಲಿನಂತೆ ಮಾಡಿಕೊಡಿ ಎಂದು ನನ್ನ ಹತ್ತಿರ ಬರುವವರೂ ಇದ್ದಾರೆ, ಅವರಿಗೆ ನಾನು ಅಗ್ಗದ ಬೆಲೆ ಹೇಳುವುದಿಲ್ಲ.

ಯಾವ ಎಣ್ಣೆ? ಅಂಗಡಿಯವರು ಜಿಎಲ್-5 ದರ್ಜೆಯ ಗೇರ್ ಎಣ್ಣೆ ಕೊಡುತ್ತಾರೆ.
— ಹೂಸ್ಟನ್, ಟೆಕ್ಸಸ್

ಜಿಎಲ್-5 ಹಿಂದಿನ ಆಕ್ಸಲಿಗೆ ಒಳ್ಳೆಯದು. ಅದರಲ್ಲಿನ ಗಂಧಕದ ಮಿಶ್ರಣ ಗೇರ್ ಸದ್ದಿಲ್ಲದೆ ಸೇರುವಂತೆ ಮಾಡುವ ಹಿತ್ತಾಳೆ ಬಣ್ಣದ ಸಿಂಕ್ರೊ ಬಳೆಗಳನ್ನು ತಿನ್ನಬಲ್ಲದು. ಜಿಎಲ್-1 ಎಂದು ಬರೆದ ಸಾದಾ ಖನಿಜ ಗೇರ್ ಎಣ್ಣೆ ಕೇಳಿ. ಟ್ರ್ಯಾಕ್ಟರ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ದಪ್ಪ ಎಷ್ಟೆಂದು ನಿಮ್ಮ ಕಾರಿನ ಕೈಪಿಡಿ ಹೇಳುತ್ತದೆ. ಗೇರ್‌ಬಾಕ್ಸಿಗೂ ಓವರ್‌ಡ್ರೈವ್ ಬಾಲಕ್ಕೂ ಬೇರೆಬೇರೆ ಡ್ರೈನ್ ಪ್ಲಗ್ಗು ಇರುತ್ತವೆ, ಎರಡನ್ನೂ ಬಿಚ್ಚಿ. ತುಂಬುವಾಗಲೂ ಎರಡರ ಮಟ್ಟವನ್ನೂ ನೋಡಿ. ಒಳಗೆ ದಾರಿ ಇದೆ, ಆದರೆ ಎಣ್ಣೆ ಆ ಕಡೆಯಿಂದ ಈ ಕಡೆಗೆ ಬರಲು ತನ್ನ ಸಮಯ ತೆಗೆದುಕೊಳ್ಳುತ್ತದೆ.

ಉಳಿದ ಪತ್ರಗಳು ಮುಂದಿನ ತಿಂಗಳು. ಚಿತ್ರ ಕಳಿಸುವವರು ದಯವಿಟ್ಟು ಪೆಟ್ಟಿಗೆಯ ಪಕ್ಕದಲ್ಲಿ ನಾಯಿಯನ್ನು ಕೂರಿಸಬೇಡಿ, ಅಳತೆಪಟ್ಟಿ ಇಡಿ.